ಸಂಗೀತ ಕಾಲೇಜಿನ ಪ್ರವೇಶ ಪರೀಕ್ಷೆಗೆ ಸಿದ್ಧತೆ: ತುಮಕೂರು, ಗುಬ್ಬಿ, ಕುಣಿಗಲ್

ಸಂಗೀತವನ್ನು ಮುಖ್ಯ ವಿಷಯವಾಗಿ ಬೋಧಿಸುವ ಪದವಿ ಅಥವಾ ಸ್ನಾತಕೋತ್ತರ ತರಗತಿಗೆ ಸೇರಬಯಸುವವರು ಪರೀಕ್ಷಕರ ಮುಂದೆ ಹಾಡಿ ಅಥವಾ ನುಡಿಸಿ ತಮ್ಮ ಶ್ರುತಿಜ್ಞಾನ, ಲಯಜ್ಞಾನ, ಪಾಠಾಂತರ ಮತ್ತು ಶಾಸ್ತ್ರಜ್ಞಾನವನ್ನು ತೋರಿಸಲು ಕೈಗೊಳ್ಳುವ ಕ್ರಮಬದ್ಧ ಅಭ್ಯಾಸವೇ ಸಂಗೀತ ಕಾಲೇಜಿನ ಪ್ರವೇಶ ಪರೀಕ್ಷೆಯ ಸಿದ್ಧತೆ. ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ಭಾಗದಲ್ಲಿ ಈ ಸಿದ್ಧತೆಗೆ ವಿಶೇಷವಾದ ಒಂದು ಹಿನ್ನೆಲೆ ಇದೆ. ಇಲ್ಲಿನ ಎಷ್ಟೋ ಮಕ್ಕಳ ಕಿವಿಗೆ ಸಂಗೀತ ಮೊದಲು ಬೀಳುವುದು ಸಭೆಯ ಕಛೇರಿಯಿಂದಲ್ಲ. ಪೌರಾಣಿಕ ನಾಟಕದ ಹಾರ್ಮೋನಿಯಂ, ಭಜನೆ, ಹರಿಕಥೆ ಮತ್ತು ದೇವಸ್ಥಾನದ ವಾಲಗದಿಂದ.

ವ್ಯಾಪ್ತಿ ಮತ್ತು ಪರಿಭಾಷೆ

ಈ ಲೇಖನದಲ್ಲಿ ‘ಪ್ರವೇಶ ಪರೀಕ್ಷೆ’ ಎಂದರೆ ಕಾಲೇಜು ಅಥವಾ ವಿಶ್ವವಿದ್ಯಾಲಯ ನಡೆಸುವ ಪ್ರಾಯೋಗಿಕ ಆಯ್ಕೆ. ಜೂನಿಯರ್, ಸೀನಿಯರ್, ವಿದ್ವತ್ ಎಂಬ ಹಂತಗಳಲ್ಲಿ ರಾಜ್ಯಮಟ್ಟದಲ್ಲಿ ನಡೆಯುವುದು ‘ದರ್ಜೆ ಪರೀಕ್ಷೆ’. ಕಲಾವಿದರಿಗೆ ಶ್ರೇಣಿ ಕೊಡಲು ಆಕಾಶವಾಣಿ ನಡೆಸುವುದು ‘ಧ್ವನಿಪರೀಕ್ಷೆ’. ಆಡುಮಾತಿನಲ್ಲಿ ಇವೆಲ್ಲಕ್ಕೂ ಆಡಿಷನ್ ಎಂದೋ ಎಕ್ಸಾಂ ಎಂದೋ ಹೇಳುವುದುಂಟು. ಆದರೆ ಮೂರೂ ಅಳೆಯುವುದು ಬೇರೆ ಬೇರೆ ವಿಷಯಗಳನ್ನು. ದರ್ಜೆ ಪರೀಕ್ಷೆ ನಿಗದಿತ ಪಠ್ಯವನ್ನು ಎಷ್ಟು ಕಲಿತಿದ್ದಾರೆಂದು ನೋಡುತ್ತದೆ. ಧ್ವನಿಪರೀಕ್ಷೆ ಪ್ರಸಾರಕ್ಕೆ ತಕ್ಕ ಪಕ್ವತೆ ಇದೆಯೇ ಎಂದು ನೋಡುತ್ತದೆ. ಪ್ರವೇಶ ಪರೀಕ್ಷೆ ನೋಡುವುದು ಈ ವಿದ್ಯಾರ್ಥಿ ಮುಂದೆ ಕಲಿಯಬಲ್ಲರೇ ಎಂಬುದನ್ನು. ಸಿದ್ಧತೆಯ ಕ್ರಮವೆಲ್ಲ ಈ ಭೇದದ ಮೇಲೆ ನಿಂತಿದೆ. ಹತ್ತು ದೊಡ್ಡ ಕೃತಿಗಳನ್ನು ಅರೆಬರೆ ಹಾಡುವವರಿಗಿಂತ ಒಂದು ವರ್ಣವನ್ನು ಎರಡು ಕಾಲದಲ್ಲಿ ಶ್ರುತಿ ಬಿಡದೆ ಹಾಡುವವರ ಕಲಿಕೆಯ ಬುನಾದಿ ಗಟ್ಟಿಯಾಗಿದೆ ಎಂಬುದು ಪರೀಕ್ಷಕರಿಗೆ ಬೇಗ ತಿಳಿಯುತ್ತದೆ.

ಸಾಂಸ್ಥಿಕ ಹಿನ್ನೆಲೆ

ಭಾರತೀಯ ಸಂಗೀತ ಬಹುಕಾಲ ಗುರುವಿನ ಮನೆಯಲ್ಲೇ ಕಲಿಯುವ ವಿದ್ಯೆಯಾಗಿತ್ತು. ಶಿಷ್ಯನ ಕಂಠ ಕೇಳಿ, ನಡತೆ ನೋಡಿ, ಗುರು ಒಪ್ಪಿದರೆ ಪಾಠ ಆರಂಭವಾಗುತ್ತಿತ್ತು. ಆಯ್ಕೆಗೆ ಬೇರೆ ವಿಧಿ ಇರಲಿಲ್ಲ. ಸಂಗೀತವನ್ನು ಶಾಲೆಯ ಚೌಕಟ್ಟಿಗೆ ತಂದು, ತರಗತಿ, ಪಠ್ಯ, ಪರೀಕ್ಷೆ ಎಂದು ವಿಂಗಡಿಸಿದ ಪ್ರಯತ್ನಗಳಲ್ಲಿ ಪ್ರಮುಖವಾದದ್ದು ವಿಷ್ಣು ದಿಗಂಬರ ಪಲುಸ್ಕರ್ 1901ರಲ್ಲಿ ಲಾಹೋರಿನಲ್ಲಿ ತೆರೆದ ಗಾಂಧರ್ವ ಮಹಾವಿದ್ಯಾಲಯ. ಲಖನೌದಲ್ಲಿ ಭಾತಖಂಡೆಯವರ ಪ್ರಯತ್ನದಿಂದ 1926ರಲ್ಲಿ ಸಂಗೀತ ಕಾಲೇಜು ಆರಂಭವಾಯಿತು. ದಕ್ಷಿಣದಲ್ಲಿ ಮೈಸೂರು ಆಸ್ಥಾನದ ವಿದ್ವಾಂಸರಾಗಿದ್ದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು 1939ರಲ್ಲಿ ತಿರುವನಂತಪುರದಲ್ಲಿ ಸ್ಥಾಪನೆಯಾದ, ಈಗ ಸ್ವಾತಿ ತಿರುನಾಳ್ ಕಾಲೇಜು ಎಂದು ಹೆಸರಾಗಿರುವ ಸಂಸ್ಥೆಯ ಮೊದಲ ಮುಖ್ಯಸ್ಥರಾದರು.

ಕರ್ನಾಟಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಲಲಿತಕಲೆಗಳ ಕಾಲೇಜು, ಬೆಂಗಳೂರು ವಿಶ್ವವಿದ್ಯಾಲಯದ ಪ್ರದರ್ಶನ ಕಲೆಗಳ ವಿಭಾಗ ಮತ್ತು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ವಿಭಾಗ ಈ ವಿದ್ಯೆಗೆ ಪದವಿಯ ಸ್ಥಾನ ಕೊಟ್ಟವು. ಧಾರವಾಡದಲ್ಲಿ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ ಅವರಂಥವರು ಬೋಧಿಸಿದರು. ಸಂಗೀತ ಮತ್ತು ಪ್ರದರ್ಶನ ಕಲೆಗಳಿಗಾಗಿಯೇ ಒಂದು ವಿಶ್ವವಿದ್ಯಾಲಯ ಬೇಕೆಂಬ ಆಶಯದಿಂದ 2009ರ ಕಾಯ್ದೆಯ ಮೂಲಕ ಮೈಸೂರಿನಲ್ಲಿ ಕರ್ನಾಟಕ ರಾಜ್ಯ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ರೂಪುಗೊಂಡಿತು. ತುಮಕೂರು ವಿಶ್ವವಿದ್ಯಾನಿಲಯ 2004ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಬೇರೆಯಾದ ಮೇಲೂ, ಸಂಗೀತವನ್ನೇ ಪದವಿಯ ಮುಖ್ಯ ವಿಷಯವಾಗಿ ಓದಬೇಕೆನ್ನುವ ಇಲ್ಲಿನ ಮಕ್ಕಳು ಹೆಚ್ಚಾಗಿ ನೋಡುವುದು ಮೈಸೂರು, ಬೆಂಗಳೂರುಗಳ ಕಡೆಗೇ.

ತುಮಕೂರು ಸೀಮೆಯ ಸಂಗೀತ ಪರಿಸರ

ಗುಬ್ಬಿ ಎಂಬ ಊರಿನ ಹೆಸರು ಕನ್ನಡ ವೃತ್ತಿರಂಗಭೂಮಿಗೆ ಅಂಟಿಕೊಂಡಿದೆ. 1884ರಲ್ಲಿ ಇಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ಮುಂದೆ ವಹಿಸಿಕೊಂಡು ದಕ್ಷಿಣ ಭಾರತದಲ್ಲೆಲ್ಲ ಹೆಸರು ಮಾಡಿಸಿದವರು ಗುಬ್ಬಿ ವೀರಣ್ಣ. ಅವರು ತೀರಿಕೊಂಡದ್ದು 1972ರಲ್ಲಿ. ಕಂಪನಿ ನಾಟಕದಲ್ಲಿ ಹಾಡಲು ಬಾರದವನಿಗೆ ಮುಖ್ಯ ಪಾತ್ರವಿರಲಿಲ್ಲ. ಸೇರಲು ಬಂದ ಹುಡುಗನನ್ನು ಹಾರ್ಮೋನಿಯಂ ಮುಂದೆ ನಿಲ್ಲಿಸಿ ಹಾಡಿಸಿ ನೋಡುವುದು ಕಂಪನಿಗಳ ರೂಢಿ. ಈ ಸೀಮೆಯಲ್ಲಿ ಸಂಗೀತ ಕಾಲೇಜುಗಳಿಗಿಂತ ಮೊದಲೇ ಇದ್ದ ಪ್ರವೇಶ ಪರೀಕ್ಷೆ ಎಂದು ಇದನ್ನು ಎಣಿಸಬಹುದು. ಡಾ. ರಾಜ್‌ಕುಮಾರ್ ಮತ್ತು ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಗುಬ್ಬಿಯ ಈ ಕಂಪನಿಯಲ್ಲಿ ನಟಿಸಿದವರು. ಮನೆ ಬಿಟ್ಟು ಬಂದು ಗುಬ್ಬಿ ಕಂಪನಿ ಸೇರಿದ ಬಿ. ವಿ. ಕಾರಂತರನ್ನು ವೀರಣ್ಣನವರೇ ಬನಾರಸಿಗೆ ಓದಲು ಕಳಿಸಿದರು. ಅಲ್ಲಿ ಕಾರಂತರು ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತ ಕಲಿತರು. ಕಂಪನಿಯ ಹಾಡಿನಿಂದ ಶಾಸ್ತ್ರೀಯ ಪಾಠಕ್ಕೆ ನಡೆದುಹೋಗುವ ದಾರಿ ಈ ಭಾಗಕ್ಕೆ ಹೊಸದೇನಲ್ಲ ಎಂಬುದಕ್ಕೆ ಇದೊಂದು ಸ್ಪಷ್ಟ ನಿದರ್ಶನ.

ತುಮಕೂರು ತಾಲ್ಲೂಕಿನ ಬೆಳ್ಳಾವಿಯಿಂದ ಬಂದ ಬೆಳ್ಳಾವೆ ನರಹರಿ ಶಾಸ್ತ್ರಿಗಳು ಕಂಪನಿಗಳಿಗೆ ನಾಟಕ, ಹಾಡು ಬರೆದುಕೊಟ್ಟರು. 1934ರ ‘ಸತಿ ಸುಲೋಚನ’ ಚಿತ್ರಕ್ಕೂ ಅವರೇ ಸಾಹಿತ್ಯ ರಚಿಸಿದರು. ಕಂಪನಿಗಳ ಕಾಲ ಇಳಿಮುಖವಾದರೂ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ನಿಲ್ಲಲಿಲ್ಲ. ಜಾತ್ರೆ, ಹಬ್ಬ, ಗುಡಿಯ ಜೀರ್ಣೋದ್ಧಾರ ಮುಂತಾದ ಸಂದರ್ಭಗಳಲ್ಲಿ ಊರವರೇ ಸೇರಿ ‘ಕುರುಕ್ಷೇತ್ರ’ದಂಥ ನಾಟಕ ಕಟ್ಟುತ್ತಾರೆ. ಅದಕ್ಕಾಗಿ ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಊರಲ್ಲಿ ಬೀಡುಬಿಟ್ಟು ಮಾತು, ಮಟ್ಟು, ಕಂದ ಕಲಿಸುತ್ತಾರೆ. ಈ ಮೇಷ್ಟ್ರುಗಳು ಎಷ್ಟು ಸಾವಿರ ಕಂಠಗಳಿಗೆ ಮೋಹನ, ಹಿಂದೋಳ, ಭೀಮ್‌ಪಲಾಸ್, ಕಾಪಿಗಳ ರುಚಿ ಹತ್ತಿಸಿದ್ದಾರೋ ಲೆಕ್ಕವಿಲ್ಲ. ಸಂಗೀತ ಚರಿತ್ರೆಯ ಪುಸ್ತಕಗಳಲ್ಲಿ ಅವರಿಗೆ ಸಿಕ್ಕಿರುವ ಜಾಗ ಅವರ ಕೆಲಸಕ್ಕೆ ಏನೇನೂ ಸಾಲದು.

ನಾಟಕದ ಹಾಡಿಕೆ ಮತ್ತು ಕಾಲೇಜು ಬಯಸುವ ಹಾಡಿಕೆಯ ನಡುವೆ ಮೂರು ತಾಂತ್ರಿಕ ವ್ಯತ್ಯಾಸಗಳಿವೆ. ಮೊದಲನೆಯದು ಸ್ಥಾಯಿ: ಬಯಲಲ್ಲಿ ದೂರ ಕುಳಿತವರಿಗೂ ಕೇಳಬೇಕಾದ ನಾಟಕದ ಹಾಡು ತಾರಸ್ಥಾಯಿಯಲ್ಲಿ ಏರುದನಿಯಲ್ಲೇ ಸಾಗುತ್ತದೆ, ಮಂದ್ರಸ್ಥಾಯಿಯ ಅಭ್ಯಾಸ ಅಲ್ಲಿ ಸಿಗುವುದಿಲ್ಲ. ಎರಡನೆಯದು ಸ್ವರದ ನಡೆ: ಹಾರ್ಮೋನಿಯಂನ ಒಂದೊಂದು ಮನೆಯೂ ಒಂದೊಂದು ನಿಂತ ಸ್ವರ. ಕರ್ನಾಟಕ ಸಂಗೀತದ ಗಮಕವಾದರೋ ಎರಡು ಸ್ವರಗಳ ನಡುವಿನ ಜಾರು, ತೂಗು, ಕಂಪನಗಳಲ್ಲಿ ಇದೆ. ತೋಡಿಯ ಗಾಂಧಾರವನ್ನಾಗಲಿ ಭೈರವಿಯ ನಿಷಾದವನ್ನಾಗಲಿ ಹಾರ್ಮೋನಿಯಂ ತೋರಿಸಲಾರದು. ಆಕಾಶವಾಣಿ 1940ರಿಂದ 1971ರವರೆಗೆ ಈ ವಾದ್ಯವನ್ನು ದೂರ ಇಟ್ಟಿದ್ದಕ್ಕೂ ಇಂಥ ಆಕ್ಷೇಪಗಳೇ ಕಾರಣ. ಮೂರನೆಯದು ತಾಳ: ನಾಟಕದಲ್ಲಿ ತಬಲಾ ಹಿಡಿದುಕೊಂಡು ಹೋಗುವುದರಿಂದ ಹಾಡುವವನ ಕೈ ಸುಮ್ಮನಿರುತ್ತದೆ, ಕಾಲೇಜಿನಲ್ಲಿ ತಾಳ ಹಾಡುವವರ ಕೈಯಲ್ಲೇ ಇರಬೇಕು.

ನಾಟಕದ ಹಿನ್ನೆಲೆಯಿಂದ ಸಿಗುವ ಲಾಭದ ಪಾಲೂ ಚಿಕ್ಕದಲ್ಲ. ಕಂದಪದ್ಯವನ್ನು ತಾಳದ ಕಟ್ಟಿಲ್ಲದೆ, ಮಾತಿನ ಅರ್ಥ ಹಿಡಿದು, ರಾಗವನ್ನು ಹಿಗ್ಗಿಸುತ್ತ ಹಾಡಿ ಬಲ್ಲವರಿಗೆ ಆಲಾಪನೆ ಮತ್ತು ಉಗಾಭೋಗದ ಜಾಡು ಅರ್ಧ ಗೊತ್ತಿದ್ದಂತೆಯೇ. ಸಾಹಿತ್ಯಶುದ್ಧಿ, ಎದೆಗಾರಿಕೆ, ಜನರ ಮುಂದೆ ಅಳುಕದೆ ದನಿ ತೆಗೆಯುವ ರೂಢಿಯೂ ಅಲ್ಲಿಂದಲೇ ಬಂದಿರುತ್ತದೆ. ಕುಣಿಗಲ್ ಕಡೆ ಭಜನೆ, ತತ್ವಪದ ಮತ್ತು ಜನಪದ ಗೀತೆಗಳ ಹಿನ್ನೆಲೆಯಿಂದ ಬರುವವರು ಹೆಚ್ಚು. ಎಡೆಯೂರು ಸಿದ್ಧಲಿಂಗೇಶ್ವರ ಕ್ಷೇತ್ರ ಇರುವುದು ಈ ತಾಲ್ಲೂಕಿನಲ್ಲೇ. ಕುಣಿಗಲ್ ಕೆರೆಯ ಮೇಲಿನ ಜನಪದ ಗೀತೆಯನ್ನು ಕೇಳದ ಕನ್ನಡಿಗರು ಕಡಿಮೆ.

ಪರೀಕ್ಷೆಯ ರಚನೆ

ಸಂಸ್ಥೆಯಿಂದ ಸಂಸ್ಥೆಗೆ ವಿವರಗಳು ಬದಲಾಗುತ್ತವೆ. ಪದವಿ ತರಗತಿಗೆ ಪಿಯುಸಿ ಅಥವಾ ತತ್ಸಮಾನ ಅರ್ಹತೆ ಕೇಳುವುದು ಸಾಮಾನ್ಯ. ಸ್ನಾತಕೋತ್ತರ ತರಗತಿಗೆ ಪ್ರಾಯೋಗಿಕ ಆಯ್ಕೆ ಹೆಚ್ಚು ಬಿಗಿಯಾಗಿರುತ್ತದೆ. ಅಭ್ಯರ್ಥಿ ಜಮಖಾನದ ಮೇಲೆ ಕುಳಿತು, ತನ್ನ ಶ್ರುತಿ ಎಷ್ಟೆಂದು ಹೇಳಿ, ತಂಬೂರ ಅಥವಾ ಶ್ರುತಿಪೆಟ್ಟಿಗೆಯ ಜೊತೆಗೆ ಹಾಡಲು ತೊಡಗುತ್ತಾರೆ. ಪಕ್ಕವಾದ್ಯ ಇರುವುದಿಲ್ಲ ಎಂದುಕೊಂಡೇ ಸಿದ್ಧರಾಗುವುದು ಕ್ಷೇಮ. ಮೊದಲು ತಾವೇ ಆರಿಸಿಕೊಂಡ ಒಂದು ವರ್ಣ ಅಥವಾ ಕೃತಿ. ಆಮೇಲೆ ಪರೀಕ್ಷಕರು ಕೇಳಿದ್ದು. ಯಾವುದೋ ರಾಗದ ಆರೋಹಣ ಅವರೋಹಣ ಹಾಡಿಸಬಹುದು, ಪಲ್ಲವಿಯನ್ನು ಎರಡನೆಯ ಕಾಲದಲ್ಲಿ ಕೇಳಬಹುದು. ಪರೀಕ್ಷಕರೇ ಒಂದು ಸಂಚಾರ ಹಾಡಿ ಅದು ಯಾವ ರಾಗವೆಂದು ಕೇಳಬಹುದು, ಇಲ್ಲವೇ ಅದನ್ನು ಸ್ವರ ಬಿಡಿಸಿ ಹೇಳಿಸಬಹುದು. ಶಾಸ್ತ್ರದ ಪ್ರಶ್ನೆಗಳು ಬಾಯಿಮಾತಿನಲ್ಲಿ ಅಥವಾ ಬರಹದಲ್ಲಿ ಬರುತ್ತವೆ. ಎಲ್ಲ ಸೇರಿ ಮುಗಿಯುವುದು ಕೆಲವೇ ನಿಮಿಷಗಳಲ್ಲಿ. ನಡುವೆ ‘ಸಾಕು’ ಎಂದು ನಿಲ್ಲಿಸಿದರೆ ಅದು ತಿರಸ್ಕಾರವಲ್ಲ. ಕೇಳಬೇಕಾದಷ್ಟು ಕೇಳಿಯಾಯಿತು ಎಂದಷ್ಟೇ ಅದರ ಅರ್ಥ.

ಸಿದ್ಧತೆಯ ಅಂಗಗಳು

*ಶ್ರುತಿ ಮತ್ತು ಕಂಠ.* ಸಿದ್ಧತೆಯ ಮೊದಲ ನಿರ್ಧಾರ ಹಾಡುವ ಶ್ರುತಿಯದು. ಹಾರ್ಮೋನಿಯಂನ ಮನೆಗಳ ಲೆಕ್ಕದಲ್ಲಿ ಗಂಡಸರು ಸಾಮಾನ್ಯವಾಗಿ ಒಂದರಿಂದ ಎರಡೂವರೆ ಮನೆಯಲ್ಲಿ, ಹೆಂಗಸರು ನಾಲ್ಕೂವರೆಯಿಂದ ಆರು ಮನೆಯಲ್ಲಿ ಹಾಡುತ್ತಾರೆ. ಮಂದ್ರ ಪಂಚಮ ಕೇಳಿಸುವಷ್ಟು ಕೆಳಗೆ, ತಾರ ಪಂಚಮ ಕಿರುಚದೆ ಮುಟ್ಟುವಷ್ಟು ಮೇಲೆ ದನಿ ಓಡಾಡುವ ಶ್ರುತಿಯೇ ಸರಿಯಾದ ಶ್ರುತಿ. ಹದಿಹರೆಯದಲ್ಲಿ ದನಿ ಒಡೆದ ಹುಡುಗರಿಗೆ ಹಳೆಯ ಶ್ರುತಿ ಹೊಂದುವುದಿಲ್ಲ. ನಾಟಕದಲ್ಲಿ ಬಾಲಕೃಷ್ಣನಾಗಿ ಹಾಡಿದ ಶ್ರುತಿಯನ್ನೇ ಹಿಡಿದು ಕೂತರೆ ಗಂಟಲು ಕೆಡುತ್ತದೆ. ಬೆಳಗಿನ ಮಂದ್ರಸ್ಥಾಯಿ ಅಭ್ಯಾಸ ಮತ್ತು ಸರಳೆ, ಜಂಟಿ ವರಸೆಗಳ ಅಕಾರ ಸಾಧಕ ಈ ಹೊಸ ದನಿಯನ್ನು ನೆಲೆಗೊಳಿಸುತ್ತವೆ.

ಕಿವಿಯನ್ನು ತಿದ್ದುವುದು ತಂಬೂರ. ಅದರ ನಾಲ್ಕು ತಂತಿಗಳಲ್ಲಿ ಮೊದಲನೆಯದು ಪಂಚಮ, ನಡುವಿನ ಎರಡು ಸಾರಣಿ ಮತ್ತು ಅನುಸಾರಣಿ ಎಂಬ ಮಧ್ಯ ಷಡ್ಜಗಳು, ಕೊನೆಯದು ಮಂದ್ರ ಷಡ್ಜ. ಕುದುರೆಯ ಮೇಲೆ ತಂತಿಯ ಅಡಿಗೆ ಒಂದು ಎಳೆ ದಾರ ಸೇರಿಸಿ, ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾರೆ. ಒಂದು ಜಾಗದಲ್ಲಿ ತಂತಿಯ ಮೊಂಡು ದನಿ ಹಠಾತ್ತನೆ ಅರಳಿ ಝೇಂಕರಿಸುತ್ತದೆ. ಆ ದಾರಕ್ಕೆ ಜೀವಾಳ ಎಂದು ಹೆಸರು. ಚೆನ್ನಾಗಿ ಕೂಡಿಸಿದ ತಂಬೂರದಲ್ಲಿ ಮಂದ್ರ ತಂತಿಯ ಒಳಗಿಂದ ಅಂತರ ಗಾಂಧಾರ ತಾನಾಗಿ ಕೇಳುತ್ತದೆ. ಆ ಗಾಂಧಾರ ಕೇಳಿಸಿಕೊಳ್ಳಲು ಕಲಿತ ವಿದ್ಯಾರ್ಥಿಗೆ ಸರಳೆ ವರಸೆಯ ಮಾಯಾಮಾಳವಗೌಳದಲ್ಲಿ ತನ್ನ ಗಾಂಧಾರ ಸರಿಯೋ ತಪ್ಪೋ ಎಂದು ಇನ್ನೊಬ್ಬರು ಹೇಳಬೇಕಾಗಿಲ್ಲ. ಮನೆಯಲ್ಲಿ ತಂಬೂರ ಇಡುವುದು ಎಲ್ಲರಿಗೂ ಸಾಧ್ಯವಿಲ್ಲ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರ ರೇಡೆಲ್ ಸಂಸ್ಥೆ ಎಲೆಕ್ಟ್ರಾನಿಕ್ ತಂಬೂರವನ್ನು ಬಳಕೆಗೆ ತಂದ ಮೇಲೆ, ಈಗ ಮೊಬೈಲ್ ಆ್ಯಪ್‌ಗಳು ಬಂದ ಮೇಲೆ, ಹಳ್ಳಿಯ ಮನೆಯಲ್ಲೂ ಶ್ರುತಿ ಇಟ್ಟುಕೊಂಡು ಹಾಡುವುದು ಸುಲಭವಾಗಿದೆ. ಮೊಬೈಲಿನ ಚಿಕ್ಕ ಸ್ಪೀಕರಿನಲ್ಲಿ ಮಂದ್ರ ಸರಿಯಾಗಿ ಕೇಳದಿರುವುದರಿಂದ ದೊಡ್ಡ ಸ್ಪೀಕರಿಗೆ ಜೋಡಿಸುವುದು ಒಳ್ಳೆಯದು.

*ಲಯ.* ಆದಿತಾಳ ಎಂಟು ಅಕ್ಷರಗಳದು: ಒಂದು ಲಘು, ಎರಡು ದ್ರುತ. ತೊಡೆಯ ಮೇಲೆ ಒಂದು ಘಾತ, ಕಿರುಬೆರಳು, ಉಂಗುರಬೆರಳು, ನಡುಬೆರಳು. ಬಳಿಕ ಘಾತ, ವಿಸರ್ಜಿತ. ಮತ್ತೆ ಘಾತ, ವಿಸರ್ಜಿತ. ಕೈಯ ಈ ನಡೆ ಒಂದೇ ವೇಗದಲ್ಲಿರಬೇಕು, ಕಂಠ ಮಾತ್ರ ಒಂದನೆಯ ಕಾಲದಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಏರಬೇಕು. ಕಾಲ ಏರಿಸುವಾಗ ಕೈಯೂ ಓಡುವುದು ಹೊಸಬರ ಸಾಮಾನ್ಯ ದೋಷ. ನಾಟಕದ ಹಿನ್ನೆಲೆಯವರಲ್ಲಿ ಇದು ಇನ್ನಷ್ಟು ಹೆಚ್ಚು. ಅವರು ಇದುವರೆಗೆ ತಬಲಾದ ಠೇಕಾಕ್ಕೆ ಒರಗಿಕೊಂಡಿದ್ದವರು. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ಸಪ್ತತಾಳಗಳ ಅಲಂಕಾರಗಳನ್ನು ಮೂರು ಕಾಲದಲ್ಲಿ ಹಾಡುವುದೇ ಇದಕ್ಕೆ ಮದ್ದು. ಐದು ಜಾತಿಗಳಿಂದ ಈ ಏಳು ತಾಳಗಳು ಮೂವತ್ತೈದಾಗುತ್ತವೆ. ಪ್ರವೇಶದ ಹಂತದಲ್ಲಿ ಅಷ್ಟನ್ನೂ ಹಾಡಿಸುವುದು ಅಪರೂಪವಾದರೂ ಲೆಕ್ಕ ಬಲ್ಲವರಾಗಿರಬೇಕು. ಐದು ಮಾತ್ರೆಯ ಖಂಡಚಾಪು, ಏಳು ಮಾತ್ರೆಯ ಮಿಶ್ರಚಾಪುಗಳಲ್ಲಿ ದೇವರನಾಮಗಳು ಹೇರಳವಾಗಿ ಇರುವುದರಿಂದ ಅವುಗಳ ಅಭ್ಯಾಸಕ್ಕೆ ಅಡ್ಡಿಯಿಲ್ಲ.

*ಪಾಠಾಂತರದ ಆಯ್ಕೆ.* ಮೋಹನ, ಹಂಸಧ್ವನಿ, ಆಭೋಗಿ, ಕಲ್ಯಾಣಿಗಳಲ್ಲಿ ಆದಿತಾಳದ ವರ್ಣಗಳು ಹೆಚ್ಚು ಬಳಕೆಯಲ್ಲಿವೆ. ಭೈರವಿ, ಕಾನಡ ರಾಗಗಳ ಅಟತಾಳ ವರ್ಣಗಳು ಹದಿನಾಲ್ಕು ಅಕ್ಷರದ ಆವರ್ತದವು. ಸೀನಿಯರ್ ಹಂತ ದಾಟಿದವರು ಇವನ್ನು ಆರಿಸಿಕೊಳ್ಳಬಹುದು. ಕೃತಿಗಳಲ್ಲಿ ತ್ಯಾಗರಾಜರು (1767–1847), ಮುತ್ತುಸ್ವಾಮಿ ದೀಕ್ಷಿತರು, ಶ್ಯಾಮಾ ಶಾಸ್ತ್ರಿಗಳ ಒಂದೊಂದು ರಚನೆಯಾದರೂ ಗಟ್ಟಿಯಾಗಿರಬೇಕು. ಅವುಗಳ ಜೊತೆಗೆ ಮೈಸೂರು ವಾಸುದೇವಾಚಾರ್ಯರು (1865–1961) ಅಥವಾ ಜಯಚಾಮರಾಜ ಒಡೆಯರ ಕೃತಿ ಇದ್ದರೆ ಮೈಸೂರಿನ ಪರಂಪರೆಯ ಪರಿಚಯವೂ ಆದಂತಾಗುತ್ತದೆ. ಪುರಂದರದಾಸರ, ಕನಕದಾಸರ ಪದಗಳಲ್ಲಿ ಭಾಷೆ ತಮ್ಮದೇ ಆದ್ದರಿಂದ ಈ ಭಾಗದ ಮಕ್ಕಳು ಹಾಡುವುದರಲ್ಲಿ ಭಾವ ತಾನಾಗಿ ಹೊಮ್ಮುತ್ತದೆ. ತೆಲುಗು, ಸಂಸ್ಕೃತ ಸಾಹಿತ್ಯವನ್ನಾದರೋ ಪದ ಬಿಡಿಸಿ, ಅರ್ಥ ಕೇಳಿ ತಿಳಿದು ಹಾಡಬೇಕು. ಪಾವಗಡದ ಕಡೆ ತೆಲುಗು ಮನೆಮಾತಿನವರು ಇರುವುದರಿಂದ ಜಿಲ್ಲೆಯೊಳಗೇ ಉಚ್ಚಾರಣೆ ತಿದ್ದಿಸಿಕೊಳ್ಳಲು ಅನುಕೂಲವಿದೆ. ಟಿವಿ ಸ್ಪರ್ಧೆಗಳಲ್ಲಿ ಮೆಚ್ಚುಗೆ ಪಡೆಯುವ ಚಿತ್ರಗೀತೆಗಳನ್ನು ಕಾಲೇಜು ಪರೀಕ್ಷೆಗೆ ಆರಿಸುವುದು ಉಚಿತವಲ್ಲ. ಅವುಗಳಲ್ಲಿ ಕಂಠದ ಸೊಗಸು ಕೇಳಿಸಬಹುದು, ಪಾಠದ ಕ್ರಮ ಕೇಳಿಸುವುದಿಲ್ಲ.

*ಮನೋಧರ್ಮ.* ಪದವಿ ಪ್ರವೇಶಕ್ಕೆ ದೀರ್ಘ ರಾಗಾಲಾಪನೆ ನಿರೀಕ್ಷಿಸುವುದಿಲ್ಲ. ಎರಡು ಮೂರು ರಕ್ತಿರಾಗಗಳ ಜೀವಸ್ವರ ಹಿಡಿದು ಕಿರಿದಾಗಿ ಆಲಾಪಿಸಿದರೆ, ಒಂದು ಎಡುಪಿಗೆ ನಾಲ್ಕಾರು ಆವರ್ತ ಕಲ್ಪನಾಸ್ವರ ಹಾಕಿದರೆ ಸಾಕು. ಸ್ನಾತಕೋತ್ತರ ಹಂತದಲ್ಲಿ ನೆರವಲ್, ರಾಗ ತಾನ ಪಲ್ಲವಿಗಳ ಪರಿಚಯ ಬೇಕಾಗುತ್ತದೆ.

*ಶಾಸ್ತ್ರ.* ಹನ್ನೆರಡು ಸ್ವರಸ್ಥಾನಗಳು ಮತ್ತು ಅವುಗಳ ಹದಿನಾರು ಹೆಸರುಗಳು, ವೆಂಕಟಮಖಿಯ ‘ಚತುರ್ದಂಡೀ ಪ್ರಕಾಶಿಕೆ’ಯ ಮೂಲದಿಂದ ಬೆಳೆದ 72 ಮೇಳಕರ್ತ ವ್ಯವಸ್ಥೆ, ಕಟಪಯಾದಿ ಸೂತ್ರದಿಂದ ಮೇಳದ ಸಂಖ್ಯೆ ಕಂಡುಹಿಡಿಯುವುದು, ಜನ್ಯರಾಗಗಳ ವರ್ಗೀಕರಣ, ವಾಗ್ಗೇಯಕಾರರ ಜೀವನ, ಸ್ವರಲಿಪಿ ಓದುವುದು ಮತ್ತು ಬರೆಯುವುದು ಇದರ ವ್ಯಾಪ್ತಿ. ಮೇಳದ ಲೆಕ್ಕ ಒಮ್ಮೆ ಕೈಹತ್ತಿದರೆ ಬಾಯಿಪಾಠದ ಹೊರೆ ಇಳಿಯುತ್ತದೆ. ಮೊದಲ 36 ಮೇಳಗಳು ಶುದ್ಧಮಧ್ಯಮದವು, ಉಳಿದ 36 ಪ್ರತಿಮಧ್ಯಮದವು. ಆದ್ದರಿಂದ 29ನೆಯದಾದ ಶಂಕರಾಭರಣಕ್ಕೆ 36 ಕೂಡಿದರೆ 65ನೆಯ ಕಲ್ಯಾಣಿ ಸಿಗುತ್ತದೆ, 15ನೆಯ ಮಾಯಾಮಾಳವಗೌಳಕ್ಕೆ ಕೂಡಿದರೆ 51ನೆಯ ಕಾಮವರ್ಧನಿ. ದರ್ಜೆ ಪರೀಕ್ಷೆ ಬರೆದವರಿಗೆ ಈ ಭಾಗ ಬಹುಪಾಲು ಮುಗಿದೇ ಇರುತ್ತದೆ. ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ದೀರ್ಘಕಾಲ ನಡೆಸಿಕೊಂಡು ಬಂದ ಜೂನಿಯರ್, ಸೀನಿಯರ್ ಪರೀಕ್ಷೆಗಳ ದೊಡ್ಡ ಉಪಕಾರವೆಂದರೆ ದೊಡ್ಡ ಊರಿನಿಂದ ದೂರ ಇರುವ ವಿದ್ಯಾರ್ಥಿಗೂ ಒಂದು ನಿರ್ದಿಷ್ಟ ಪಠ್ಯಕ್ರಮ ಸಿಕ್ಕಿದ್ದು.

*ಕೇಳ್ಮೆ.* ತುಮಕೂರಿನಿಂದ ಬೆಂಗಳೂರು ಸುಮಾರು 70 ಕಿಲೋಮೀಟರ್. ಗುಬ್ಬಿ ಅಲ್ಲಿಂದ ಇನ್ನೂ 20 ಕಿಲೋಮೀಟರ್ ಮುಂದೆ, ಅರಸೀಕೆರೆಯ ರೈಲು ಮಾರ್ಗದಲ್ಲಿ. ಕುಣಿಗಲ್ ಬೆಂಗಳೂರು–ಹಾಸನ ಹೆದ್ದಾರಿಯ ಮೇಲಿದೆ. 1905ರಲ್ಲಿ ಸ್ಥಾಪನೆಯಾದ ಬೆಂಗಳೂರು ಗಾಯನ ಸಮಾಜದ ಕಛೇರಿಗಳಿಗೂ, ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಸಂಗೀತೋತ್ಸವಕ್ಕೂ ಹೋಗಿ ಕೇಳಿ ಬರುವುದು ಈ ಊರುಗಳವರಿಗೆ ಅಸಾಧ್ಯವಲ್ಲ. ಪುಷ್ಯ ಮಾಸದ ತ್ಯಾಗರಾಜ, ಪುರಂದರದಾಸರ ಆರಾಧನೆಗಳಲ್ಲಿ ಗೋಷ್ಠಿಗಾಯನಕ್ಕೆ ಕೂರುವುದು ಕೇಳಲೂ ಹಾಡಲೂ ಒಟ್ಟಿಗೆ ಸಿಗುವ ಅವಕಾಶ.

ಪ್ರಕಾರಗಳು

ವಾದ್ಯದವರಿಗೆ ಮೇಲಿನ ಕ್ರಮವೇ ಅನ್ವಯಿಸುತ್ತದೆ. ಜೊತೆಗೆ ವಾದ್ಯವನ್ನು ತಾವೇ ಶ್ರುತಿ ಮಾಡಿಕೊಳ್ಳುವುದೂ ಪರೀಕ್ಷೆಯ ಭಾಗ. ವೀಣೆ, ಪಿಟೀಲು ವಾದಕರು ತಂತಿ ಹರಿದರೆ ಬೇಕಾಗುವ ಹೆಚ್ಚುವರಿ ತಂತಿ ಒಯ್ಯಬೇಕು. ಕೊಳಲಿನವರು ತಮ್ಮ ಶ್ರುತಿಯ ಕೊಳಲಿನೊಂದಿಗೆ ಇನ್ನೊಂದನ್ನೂ ಇಟ್ಟುಕೊಳ್ಳುವುದು ವಾಡಿಕೆ.

ಮೃದಂಗದ ಅಭ್ಯರ್ಥಿ ಮೊದಲ ಪಾಠವಾದ ತ, ದಿ, ತೊಂ, ನಂಗಳಿಂದ ಹಿಡಿದು ಆದಿತಾಳದ ಸಣ್ಣ ತನಿ ಆವರ್ತನದವರೆಗೆ, ಮೋಹರ ಮತ್ತು ಕೋರ್ವೆ ಸಹಿತ ನುಡಿಸಬಲ್ಲವರಾಗಿರಬೇಕು. ನುಡಿಸುವುದನ್ನೆಲ್ಲ ತಾಳ ಹಾಕಿಕೊಂಡು ಬಾಯಲ್ಲಿ ಹೇಳಲೂ ಬರಬೇಕು. ಬಲಮುಚ್ಚಿಗೆಯನ್ನು ಹೆಣಿಗೆಯ ಮೇಲೆ ಕಲ್ಲು, ಮರದ ತುಂಡಿನಿಂದ ತಟ್ಟಿ ಷಡ್ಜಕ್ಕೆ ಕೂಡಿಸುತ್ತಾರೆ. ಎಡಮುಚ್ಚಿಗೆಗೆ ನೀರಲ್ಲಿ ಕಲಸಿದ ರವೆಯನ್ನು ನುಡಿಸುವುದಕ್ಕೆ ಸ್ವಲ್ಪ ಮುಂಚೆ ಮಾತ್ರ ಹಚ್ಚಬೇಕು. ಸರದಿಗಾಗಿ ಕಾಯುವಷ್ಟರಲ್ಲಿ ಅದು ಒಣಗಿ ಎಡಮುಚ್ಚಿಗೆಯ ನಾದ ಮೇಲಕ್ಕೇರಿಬಿಡುತ್ತದೆ.

ಹಿಂದೂಸ್ತಾನಿ ಪದ್ಧತಿಯವರಿಗೆ ಯಮನ್, ಭೂಪ, ಭೈರವ ರಾಗಗಳ ವಿಲಂಬಿತ ಮತ್ತು ದ್ರುತ ಖ್ಯಾಲ್, ತೀನ್‌ತಾಲ್, ಏಕತಾಲ್ ಠೇಕಾ, ಭಾತಖಂಡೆಯವರ ಹತ್ತು ಥಾಟ್‌ಗಳ ಜ್ಞಾನ ಮುಖ್ಯ. ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪ್ರವೇಶಿಕಾ, ಮಧ್ಯಮಾ, ವಿಶಾರದ ಪರೀಕ್ಷೆಗಳು ಇಲ್ಲಿನ ದರ್ಜೆ ಪರೀಕ್ಷೆಗಳ ಸ್ಥಾನದಲ್ಲಿವೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿ, ಪುಟ್ಟರಾಜ ಗವಾಯಿಗಳು ನಡೆಸಿದ ಪರಂಪರೆಯಲ್ಲಿ ಅಂಧ ಮಕ್ಕಳೂ ಬಡ ಮಕ್ಕಳೂ ಊಟ ವಸತಿಯೊಂದಿಗೆ ಸಂಗೀತ ಕಲಿತರು. ಶುಲ್ಕ ಕಟ್ಟಲಾರದ ವಿದ್ಯಾರ್ಥಿಗೆ ಅದು ಈಗಲೂ ತೆರೆದ ಬಾಗಿಲು.

ರಂಗಸಂಗೀತದತ್ತ ಒಲವುಳ್ಳವರಿಗೆ ನಾಟಕ ಶಾಲೆಗಳ ದಾರಿಯಿದೆ. ಹೆಗ್ಗೋಡಿನ ನೀನಾಸಂ 1980ರಿಂದ ರಂಗಶಿಕ್ಷಣ ಕೇಂದ್ರ ನಡೆಸುತ್ತಿದೆ. ಮೈಸೂರಿನ ರಂಗಾಯಣವನ್ನು ಬಿ. ವಿ. ಕಾರಂತರು 1989ರಲ್ಲಿ ಕಟ್ಟಿದರು. ಇಂಥ ಶಾಲೆಗಳ ಆಯ್ಕೆಯಲ್ಲಿ ಮಾತು, ಅಂಗಚಲನೆಗಳ ಜೊತೆ ಹಾಡುವ ಶಕ್ತಿಗೂ ಬೆಲೆಯಿದೆ. ತುಮಕೂರು ಸೀಮೆಯ ನಾಟಕದ ಹಿನ್ನೆಲೆ ಕಳೆಯದೆ, ಇದ್ದಂತೆಯೇ ಉಪಯೋಗಕ್ಕೆ ಬರುವುದು ಇಲ್ಲಿ. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ರಂಗಗೀತೆಯನ್ನು ಇಂದಿನ ಕೇಳುಗರಿಗೆ ತಲುಪಿಸಿದವರಲ್ಲಿ ಪ್ರಮುಖರು.

ಪಾಶ್ಚಾತ್ಯ ಸಂಗೀತದ ಕಾಲೇಜುಗಳು ಬೇರೆ ಬಗೆಯ ಸಿದ್ಧತೆ ಕೇಳುತ್ತವೆ: ಸ್ಕೇಲುಗಳು, ಭಿನ್ನ ಕಾಲಘಟ್ಟಗಳ ಎರಡು ಮೂರು ರಚನೆಗಳು, ಕಂಡರಿಯದ ಸ್ವರಲಿಪಿಯನ್ನು ನೋಡಿದೊಡನೆ ನುಡಿಸುವುದು, ಕಿವಿಯಿಂದ ಸ್ವರ ಗುರುತಿಸುವುದು. ಲಂಡನ್ನಿನ ಟ್ರಿನಿಟಿ ಕಾಲೇಜಿನ ಎಂಟು ಗ್ರೇಡ್‌ಗಳ ಪರೀಕ್ಷೆ ಅದಕ್ಕೆ ಮೆಟ್ಟಿಲು.

ಕಾಲಕ್ರಮ ಮತ್ತು ಖರ್ಚು

ಪಿಯುಸಿ ಮೊದಲ ವರ್ಷದಲ್ಲಿ ನಿರ್ಧಾರವಾದರೆ ಎರಡು ವರ್ಷದ ಬಿಡುವು ಸಿಗುತ್ತದೆ. ಮೊದಲ ವರ್ಷ ಶ್ರುತಿ, ಲಯ, ವರ್ಣಗಳಿಗೆ. ಎರಡನೆಯ ವರ್ಷ ಕೃತಿಗಳಿಗೆ. ದ್ವಿತೀಯ ಪಿಯುಸಿ ವಾರ್ಷಿಕ ಪರೀಕ್ಷೆ ಹತ್ತಿರವಾದಾಗ ಹೊಸ ಪಾಠ ನಿಲ್ಲಿಸಿ, ದಿನಕ್ಕೆ ಅರ್ಧ ಗಂಟೆಯಾದರೂ ಹಳೆಯದನ್ನು ಹಾಡಿಕೊಂಡಿದ್ದರೆ ಕಂಠ ಕೈಬಿಡುವುದಿಲ್ಲ. ಪರೀಕ್ಷೆ ಮುಗಿದು ಕಾಲೇಜು ಪ್ರವೇಶ ಆರಂಭವಾಗುವ ನಡುವಿನ ಬೇಸಿಗೆಯೇ ಪಾಠಾಂತರವನ್ನು ಹದಗೊಳಿಸುವ ಕಾಲ. ಈ ಸೀಮೆಯಲ್ಲಿ ನಾಟಕಗಳು ಹೆಚ್ಚಾಗಿ ನಡೆಯುವುದೂ ಆಗಲೇ. ರಾತ್ರಿಯಿಡೀ ನಾಟಕದಲ್ಲಿ ಹಾಡಿದ ಕಂಠಕ್ಕೆ ಮರುದಿನ ಮಂದ್ರ ಷಡ್ಜ ಸಿಗುವುದು ಕಷ್ಟ. ಎರಡರಲ್ಲಿ ಯಾವುದನ್ನು ಮುಂದೂಡಬೇಕೆಂದು ಮೇಷ್ಟ್ರ ಜೊತೆ ಮೊದಲೇ ಮಾತಾಡಿಕೊಳ್ಳುವುದು ಇಬ್ಬರಿಗೂ ಹಿತ.

ಸಂಗೀತ ಪದವಿಯ ದೊಡ್ಡ ಖರ್ಚು ಊರು ಬಿಟ್ಟಿರುವ ವಸತಿಯದು. ಕೇಂದ್ರ ಸಂಸ್ಕೃತಿ ಸಚಿವಾಲಯ 18ರಿಂದ 25 ವರ್ಷದ ಕಲಾವಿದರಿಗೆ ಎರಡು ವರ್ಷದ ಶಿಷ್ಯವೇತನ ನೀಡುತ್ತದೆ. 10ರಿಂದ 14 ವರ್ಷದ ಮಕ್ಕಳಿಗಾಗಿ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರದ ಪ್ರತಿಭಾ ವಿದ್ಯಾರ್ಥಿವೇತನವಿದೆ. ಈ ಎರಡಕ್ಕೂ ಹಾಡಿ ತೋರಿಸಿಯೇ ಆಯ್ಕೆಯಾಗಬೇಕಾದ್ದರಿಂದ ಪ್ರವೇಶ ಪರೀಕ್ಷೆಯ ಸಿದ್ಧತೆ ಇಲ್ಲಿಯೂ ಕೆಲಸಕ್ಕೆ ಬರುತ್ತದೆ.

ಉಪಯೋಗ

ಪದವಿ ಪಡೆದವರು ಶಾಲೆ, ಕಾಲೇಜುಗಳಲ್ಲಿ ಸಂಗೀತ ಬೋಧನೆ, ಕಛೇರಿ, ಪಕ್ಕವಾದ್ಯ, ಧ್ವನಿಮುದ್ರಣ ಸ್ಟುಡಿಯೋ ಕೆಲಸಗಳಿಗೆ ಹೋಗುತ್ತಾರೆ. ಆಕಾಶವಾಣಿಯ ಶ್ರೇಣಿ ವ್ಯವಸ್ಥೆ ಬಿ. ವಿ. ಕೇಸ್ಕರ್ ವಾರ್ತಾ ಸಚಿವರಾಗಿದ್ದಾಗ, 1952ರ ನಂತರ ರೂಢಿಗೆ ಬಂತು. ಬಿ, ಬಿ ಹೈ, ಎ, ಟಾಪ್ ಎಂಬ ಶ್ರೇಣಿಗಳು ಇಂದಿಗೂ ಕಲಾವಿದರ ಗುರುತಾಗಿವೆ. ಸುಗಮ ಸಂಗೀತ, ಜನಪದ ಸಂಗೀತಗಳಿಗೂ ಅಲ್ಲಿ ಪ್ರತ್ಯೇಕ ಧ್ವನಿಪರೀಕ್ಷೆ ಇರುವುದರಿಂದ ಕುಣಿಗಲ್, ಗುಬ್ಬಿಗಳ ಹಾಡುಗಾರರಿಗೆ ಅದು ಹತ್ತಿರದ ದಾರಿ.

ಇಂದಿನ ಸ್ಥಿತಿ

2020ರ ಕೋವಿಡ್ ಕಾಲದಲ್ಲಿ ಸಂಗೀತ ಪಾಠ ಮೊಬೈಲಿಗೆ ಬಂತು, ಮತ್ತೆ ಪೂರ್ತಿ ಹಿಂದಿರುಗಲಿಲ್ಲ. ಗುಬ್ಬಿಯ ವಿದ್ಯಾರ್ಥಿ ಮೈಸೂರಿನ ವಿದ್ವಾಂಸರಲ್ಲಿ ಮನೆಯಿಂದಲೇ ಕಲಿಯುವುದು ಈಗ ಸಾಧ್ಯ. ಆದರೆ ದನಿ ತಲುಪುವುದರಲ್ಲಿ ಕ್ಷಣದ ವಿಳಂಬ ಇರುವುದರಿಂದ ಗುರುಶಿಷ್ಯರು ಒಟ್ಟಿಗೆ ತಾಳ ಹಾಕಿ ಹಾಡಲಾಗದು. ಕರೆಯ ತಂತ್ರಾಂಶ ತಂಬೂರದ ನಿರಂತರ ನಾದವನ್ನು ಗದ್ದಲವೆಂದು ಎಣಿಸಿ ಅಳಿಸಿಬಿಡುವುದೂ ಉಂಟು. ಹೀಗಾಗಿ ಲಯಪಾಠಕ್ಕೆ ತಿಂಗಳಿಗೊಮ್ಮೆಯಾದರೂ ಎದುರು ಕುಳಿತು ಕಲಿಯುವುದು ಅಗತ್ಯವಾಗಿಯೇ ಉಳಿದಿದೆ. 2017ರಲ್ಲಿ ಬೆಂಗಳೂರು–ಹಾಸನ ನೇರ ರೈಲು ಮಾರ್ಗ ಕುಣಿಗಲ್ ಮೂಲಕ ತೆರೆದುಕೊಂಡದ್ದು ಅಲ್ಲಿನವರಿಗೆ ಈ ಓಡಾಟವನ್ನು ಹಗುರ ಮಾಡಿತು.

ರಾಜ್ಯದಲ್ಲಿ ಪದವಿಗಳ ಅವಧಿ ನಾಲ್ಕು ವರ್ಷದ ಚೌಕಟ್ಟಿನಿಂದ 2024–25ರಲ್ಲಿ ಮತ್ತೆ ಮೂರು ವರ್ಷಕ್ಕೆ ಬಂದಿರುವುದರಿಂದ, ಅರ್ಜಿ ಹಾಕುವ ವರ್ಷದ ಪ್ರಕಟಣೆಯಲ್ಲಿ ಅವಧಿ, ಅರ್ಹತೆ, ಪ್ರಾಯೋಗಿಕ ಪಠ್ಯಗಳನ್ನು ನೋಡಿಯೇ ಮುಂದುವರಿಯಬೇಕು. ಧ್ವನಿಮುದ್ರಿಕೆ ಅಥವಾ ವಿಡಿಯೊ ಕಳಿಸಲು ಹೇಳುವ ಸಂಸ್ಥೆಗಳಿಗೆ ಒಂದೇ ಓಟದಲ್ಲಿ, ಕತ್ತರಿಸಿ ಜೋಡಿಸದೆ, ತಾಳ ಹಾಕುವ ಕೈ ಕಾಣುವಂತೆ, ಶ್ರುತಿಯ ನಾದ ಕಂಠಕ್ಕಿಂತ ತುಸು ಕೆಳಗೆ ಕೇಳುವಂತೆ ಮುದ್ರಿಸಬೇಕು. ಪ್ರತಿಧ್ವನಿ ಸೇರಿಸುವ ಆ್ಯಪ್‌ಗಳನ್ನು ಬಳಸಬಾರದು. ಹಳ್ಳಿಯ ಮನೆಯಲ್ಲಿ ಇದಕ್ಕೆ ಒದಗುವ ಜಾಗವೆಂದರೆ ಮೂಟೆಗಳು, ಬಟ್ಟೆಬರೆ ತುಂಬಿದ ಕೋಣೆ. ಅಲ್ಲಿ ದನಿ ಮಾರುಲಿಯುವುದು ಕಡಿಮೆ.